ಹತ್ತು ಕಲ್ಲು, ಆಮೇಲೆ ಖೋ

ಆಟಕ್ಕೆ ಇಳಿಯುವ ಮೊದಲು ಪ್ರತಿಯೊಬ್ಬರೂ ಹತ್ತು ಕಲ್ಲು ಆರಿಸಿ ಆಚೆ ಹಾಕಬೇಕು. ನಮ್ಮ ಪಿ.ಟಿ. ಸರ್ ಮಾಡಿದ ಮೊದಲ ನಿಯಮ ಇದು. ಶಾಲೆಯ ಹಿಂದಿನ ಆ ಬಯಲು ಪೂರಾ ಗರಸು. ಬಿದ್ದರೆ ಮೊಣಕಾಲು ತರಚಿತು ಅಂತಲೇ ಲೆಕ್ಕ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಖೋಖೋ ಅಂಕಣದಷ್ಟು ಜಾಗ ನುಣ್ಣಗಾಗಿತ್ತು. ಅದನ್ನು ಮಾಡಿದ್ದು ಮಕ್ಕಳ ಕೈಗಳು.

ಅದು 2001. ನಾನು ಏಳನೇ ಇಯತ್ತೆ. ಆಲಮಟ್ಟಿಯ ಹಿನ್ನೀರು ಬರುತ್ತದೆ ಎಂದು ಹಳೆ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದಿದ್ದೆವು. ಹಳೆ ಓಣಿಯಲ್ಲಿ ಬಾಗಿಲು ತೆಗೆದರೆ ಸಾಕು, ಆಡೋಕೆ ಜೊತೆ ಸಿಗುತ್ತಿತ್ತು. ಇಲ್ಲಿ ರಸ್ತೆ ಅಗಲ, ಮನೆಗಳು ದೂರ ದೂರ. ವಿಳಾಸ ಕೇಳಿದರೆ ಓಣಿಯ ಹೆಸರಿಲ್ಲ, ಸೆಕ್ಟರ್ ನಂಬರ್. ಹಳೆ ಊರಿನ ಕಿಲ್ಲಾ ಭಾಗದವರು ಒಂದು ಕಡೆ, ವೆಂಕಟಪೇಟೆ ಭಾಗದವರು ಇನ್ನೊಂದು ಕಡೆ ಚದುರಿ ಹೋಗಿದ್ದರು. ಶಾಲೆ ಬಿಟ್ಟ ಮೇಲೆ ನಾವು ಮನೆಯಲ್ಲೇ ಸುಮ್ನೆ ಕೂತಿರುತ್ತಿದ್ದೆವು.

ಶಾಲೆಯಲ್ಲಿ ವಾರಕ್ಕೆ ಎರಡು ಆಟದ ಪಿರಿಯಡ್ ಇದ್ದವು. ಪರೀಕ್ಷೆ ಹತ್ತಿರ ಬಂದರೆ ಅವೂ ಗಣಿತಕ್ಕೆ ಹೋಗುತ್ತಿದ್ದವು. ಉಳಿದದ್ದರಲ್ಲಿ ವಲಯ ಮಟ್ಟದ ಕ್ರೀಡಾಕೂಟಕ್ಕೆ ಆಯ್ಕೆಯಾದವರಿಗಷ್ಟೇ ಅಭ್ಯಾಸ. ತಂಡಕ್ಕೆ 12 ಜನ, ಅಂಕಣಕ್ಕೆ ಇಳಿಯುವವರು 9. ನಾನು ಹದಿಮೂರನೆಯವಳು. ನೀರಿನ ಕೊಡ ಕಾಯುವುದು ನನ್ನ ಕೆಲಸ.

ಅದನ್ನು ಸರ್ ಗಮನಿಸಿದ್ದರು ಅನಿಸುತ್ತದೆ. ಒಂದು ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಹೇಳಿದರು: "ಇವತ್ತಿಂದ ಸಂಜೀ ಐದಕ್ಕ ಯಾರ ಬಂದ್ರೂ ಆಡಬಹುದು. ಸಾಲಿ ಬಿಟ್ಟವರೂ ಬರ್ರಿ." ಅಲ್ಲಿ ಆಯ್ಕೆ ಅನ್ನುವುದೇ ಇರಲಿಲ್ಲ. ಇವತ್ತು ಹೊರಗೆ ಕೂತವರು ನಾಳೆ ಮೊದಲು ಆಡಬೇಕು. ಅದು ಎರಡನೇ ನಿಯಮ. ನನ್ನ ಪಾಲಿಗೆ ಅದೇ ದೊಡ್ಡದು.

ಖೋಖೋಕ್ಕೆ ಖರ್ಚಿಲ್ಲ. ಎರಡು ಕಂಬ, ಒಂದು ಹಗ್ಗ, ಒಂದಿಷ್ಟು ಸುಣ್ಣದ ಪುಡಿ. ಕಂಬ ಮಾಡಿಕೊಟ್ಟವರು ಹತ್ತಿರದ ಬಡಿಗೇರ ಕಾಕಾ. ದಪ್ಪಗಿದ್ದ ನನ್ನ ಗೆಳತಿ ಓಡೋಕೆ ಹೆದರುತ್ತಿದ್ದಳು. ಸರ್ ಅವಳನ್ನು ಕಂಬದ ಪಕ್ಕದ ಚೌಕದಲ್ಲಿ ಕೂರಿಸಿದರು. ಬೆನ್ನಟ್ಟುವವರು ಒಮ್ಮೆ ಒಂದು ದಿಕ್ಕಿಗೆ ಹೊರಟರೆ ಕಂಬ ದಾಟುವವರೆಗೆ ತಿರುಗುವಂತಿಲ್ಲ, ಸಾಲಿನ ನಡುವೆ ನುಗ್ಗುವಂತಿಲ್ಲ. ಹಾಗಾಗಿ ಕಾಲಿನ ವೇಗಕ್ಕಿಂತ ಯಾವಾಗ ಖೋ ಕೊಡಬೇಕು ಅನ್ನುವ ಎಚ್ಚರ ಜಾಸ್ತಿ ಬೇಕು. ಅವಳಿಗೆ ಆ ಎಚ್ಚರ ಇತ್ತು. ತಿಂಗಳೊಪ್ಪತ್ತಿನಲ್ಲಿ ಎರಡೂ ಕಡೆಯವರು ಅವಳು ನಮಗೆ ಬೇಕು ಎಂದು ಜಗಳ ಆಡುತ್ತಿದ್ದರು.

ನಾನು ಎಂಟನೇ ಇಯತ್ತೆಗೆ ಬಂದಾಗ ಮನೆಯಲ್ಲಿ ಆಟ ಸಾಕು ಅಂದರು. ನನ್ನೊಬ್ಬಳಿಗೇ ಅಲ್ಲ, ಸುತ್ತಲಿನ ನಾಲ್ಕೈದು ಹುಡುಗಿಯರಿಗೂ ಹಾಗೇ. ಸರ್ ಮನೆಗೆ ಬಂದರು. ಅಜ್ಜಿ ಬಾಗಿಲಲ್ಲೇ ನಿಂತು, "ಹುಡುಗಿ ದೊಡ್ಡಾಕಿ ಆಗ್ಯಾಳ್ರಿ ಸರ, ಜನ ಏನಂದಾರು?" ಅಂದಳು. ಸರ್ ವಾದ ಮಾಡಲಿಲ್ಲ. "ನೀವೂ ಬರ್ರಿ ಯವ್ವಾ. ಕುಂತು ನೋಡ್ರಿ. ಬ್ಯಾಡ ಅನಿಸಿದ್ರ ಕರ್ಕೊಂಡ ಹೋಗ್ರಿ" ಅಂದರು.

ಅಜ್ಜಿ ಮರುದಿನ ಚಾಪೆ ಹಿಡಿದು ಬಂದಳು. ಮೂರನೇ ದಿನಕ್ಕೆ ಹಳೆ ಓಣಿಯ ಮತ್ತೊಬ್ಬ ಅಜ್ಜಿ ಅಲ್ಲಿ ಸಿಕ್ಕಳು. ಮುಳುಗಡೆಯಾದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡೇ ಇರಲಿಲ್ಲ. ಕೈ ಹಿಡಿದುಕೊಂಡು ಅತ್ತರು. ಆಮೇಲೆ ದಿನಾ ಐದಾರು ಹೆಂಗಸರು, ಅವರ ಜೊತೆ ಶೇಂಗಾ-ಬೆಲ್ಲದ ಡಬ್ಬಿ. ತಾಯಂದಿರು, ಅಜ್ಜಿಯರು ಕೂತಲ್ಲಿ ಯಾರು ಏನು ಅಂದಾರು? ನಮ್ಮ ಆಟ ಉಳಿಯಿತು.

ನಾನು ಜಿಲ್ಲಾ ಮಟ್ಟಕ್ಕೆ ಹೋಗಲಿಲ್ಲ. ಆದರೆ ಹತ್ತನೇ ಇಯತ್ತೆ ಮುಗಿಯುವವರೆಗೆ ಸಂಜೆ ತಪ್ಪಿಸಲಿಲ್ಲ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈಯಾಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಓದಿದಾಗ ನಾನು ಲೆಕ್ಕ ಹಾಕಿದೆ. ಐದರಿಂದ ಆರೂವರೆ. ನಮಗೆ ಅರ್ಧ ಗಂಟೆ ಜಾಸ್ತಿಯೇ ಸಿಕ್ಕಿತ್ತು.

2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ನಮ್ಮ ಹೆಣ್ಣುಮಕ್ಕಳೂ ಗೆದ್ದರು, ಗಂಡುಮಕ್ಕಳೂ ಗೆದ್ದರು. ಎರಡೂ ಫೈನಲ್ ನೇಪಾಳದ ಮೇಲೆ. ಆಡಿದ್ದು ಮ್ಯಾಟಿನ ಮೇಲೆ, ಗರಸಿನ ಮೇಲಲ್ಲ. ಆ ರಾತ್ರಿ ಕಂಬದ ಪಕ್ಕ ಕೂರುತ್ತಿದ್ದ ಗೆಳತಿಗೆ ಫೋನ್ ಮಾಡಿದೆ. ಇಬ್ಬರಿಗೂ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಹೋದ ದೀಪಾವಳಿಗೆ ಊರಿಗೆ ಬಂದಾಗ ಬಯಲು ನೋಡಿಕೊಂಡು ಬಂದೆ. ಮತ್ತೆ ಜಾಲಿ ಬೆಳೆದಿದೆ. ಸಂಜೆ ಐದೂವರೆಗೆ ಅಲ್ಲಿ ಒಂದು ಮಗುವೂ ಇರಲಿಲ್ಲ. ಪದಕ ತರುವ ಮಕ್ಕಳಿಗೆ ಹೇಗೋ ದಾರಿ ಸಿಗುತ್ತದೆ. ಹದಿಮೂರನೆಯ ಮಗುವಿನ ಚಿಂತೆ ನನಗೆ.

ಈ ಸಂಚಿಕೆ ಓದುವ ನನ್ನ ಜೊತೆಗಾರರೇ, ನಾನು ಪ್ರತಿ ತಿಂಗಳ ಎರಡನೇ ಶನಿವಾರ ಊರಿನಲ್ಲಿರುತ್ತೇನೆ. ಮುಖ್ಯ ಗುರುಗಳ ಹತ್ತಿರ ಮಾತಾಡಿದ್ದೇನೆ, ಒಪ್ಪಿದ್ದಾರೆ. ಕಂಬ, ಸುಣ್ಣದ ಪುಡಿ ನನ್ನದು. ಐದಕ್ಕೆ ನಿಮ್ಮ ಮಕ್ಕಳನ್ನು, ಪಕ್ಕದ ಮನೆಯ ಮಕ್ಕಳನ್ನು ಕರೆದುಕೊಂಡು ಬನ್ನಿ. ಮನೆಯಲ್ಲಿ ಅಜ್ಜಿ ಇದ್ದರೆ ಒಂದು ಚಾಪೆಯನ್ನೂ ತನ್ನಿ.