ಡಿ ಆಂಜಾದ ಮೂರು ವರ್ಷ

ನಮ್ಮ ಶಾಲೆಯಲ್ಲಿ ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು 2009ರಲ್ಲಿ. ಇಂಜಿನಿಯರಿಂಗ್ ಡಿಗ್ರಿ ಕೈಗೆ ಬಂದಿದ್ದು 2017ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಪಿಯುಸಿ ಆದ ಮೇಲೆ ಪೂರ್ತಿ ಆರು ವರ್ಷ ಹಿಡಿಯಿತು. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಮ್ಮ ಎಂದು ಹೆಡ್‌ಮಾಸ್ಟರು ಕೇಳಿದಾಗ, ಡಿಗ್ರಿ ಕೊಟ್ಟ ಯೂನಿವರ್ಸಿಟಿಗಿಂತ ಮೊದಲು ನೆನಪಾಗಿದ್ದು ನಾನು ಅದಕ್ಕೂ ಮುಂಚೆ ಓದಿದ ಡಿ ಆಂಜಾ ಕಾಲೇಜು. ಅದರ ಬಗ್ಗೆಯೇ ಬರೆಯುತ್ತೇನೆ.

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಪಿಯುಸಿ ಸೈನ್ಸಿಗೆ ಅರಸೀಕೆರೆಗೆ ಹೋದವರಿಗೆ ಆಗುವುದೇ ನನಗೂ ಆಯಿತು. ಲಂಬಕೋನ, ವಿಕರ್ಣ, ಪ್ರಮೇಯ ಎಂದು ಕಲಿತಿದ್ದೆಲ್ಲ ಒಂದೇ ದಿನದಲ್ಲಿ ಇಂಗ್ಲಿಷಾಯಿತು. ಕ್ಲಾಸಿನಲ್ಲಿ ಅರ್ಥವಾಗದ್ದನ್ನು ಬಾಯಿಪಾಠ ಮಾಡಿದೆ. ಪಾಸಾದೆ, ಆದರೆ ಸಿಇಟಿ ರ‍್ಯಾಂಕ್ ಬಹಳ ಹಿಂದೆ ಬಂತು. ಮೆಕ್ಯಾನಿಕಲ್ ಓದುವ ಆಸೆ ಅಲ್ಲಿಗೆ ಮುಗಿಯಿತು ಎಂದುಕೊಂಡು ಬಿಎಸ್ಸಿ ಫಾರಂ ತಂದಿಟ್ಟಿದ್ದೆ.

ಅದೇ ಹೊತ್ತಿಗೆ ನಮ್ಮ ಅತ್ತೆ ಅಪ್ಪನಿಗಾಗಿ 2000ನೇ ಇಸವಿಯಲ್ಲಿ ಹಾಕಿದ್ದ ಅರ್ಜಿ ಕೈಗೂಡಿತು. ಅಮೆರಿಕದ ಪೌರರು ಒಡಹುಟ್ಟಿದವರನ್ನು ಕರೆಸಿಕೊಳ್ಳಲು ಹಾಕುವ ಅರ್ಜಿ ಅದು. ಸರದಿ ಬರಲು ಹತ್ತು ವರ್ಷದ ಮೇಲಾಗುತ್ತದೆ. ನಾವು ಅದನ್ನು ಮರೆತೇಬಿಟ್ಟಿದ್ದೆವು. 2011ರಲ್ಲಿ ಅಪ್ಪ, ಅಮ್ಮ, ನಾನು ಸನ್ನಿವೇಲ್ ಎಂಬ ಊರಿಗೆ ಬಂದಿಳಿದೆವು. ತೆಂಗಿನ ತೋಟ ನೋಡಿಕೊಳ್ಳುತ್ತಿದ್ದ ಅಪ್ಪ ಒಂದು ಹೋಟೆಲಿನ ಅಡುಗೆಮನೆಯಲ್ಲಿ ರಾತ್ರಿ ಪಾಳಿಗೆ ಸೇರಿದರು.

ಅತ್ತೆ ಒಂದು ದಿನ ಕಾರಿನಲ್ಲಿ ಕೂರಿಸಿಕೊಂಡು ಪಕ್ಕದ ಕೂಪರ್ಟಿನೊದಲ್ಲಿರುವ ಡಿ ಆಂಜಾಗೆ ಕರೆದುಕೊಂಡು ಹೋದರು. "ನೋಡು ಪುಟ್ಟಿ, ಇದು ಕಮ್ಯೂನಿಟಿ ಕಾಲೇಜು. ಇಲ್ಲಿ ರ‍್ಯಾಂಕ್ ಕೇಳಲ್ಲ" ಎಂದರು. ನನಗೆ ನಂಬಿಕೆ ಬರಲಿಲ್ಲ. ರ‍್ಯಾಂಕ್ ಕೇಳದ ಕಾಲೇಜಿಗೆ ಬೆಲೆ ಇರುತ್ತಾ ಎಂದು ಕೇಳಿಯೇಬಿಟ್ಟೆ.

ಕಮ್ಯೂನಿಟಿ ಕಾಲೇಜು ಎಂದರೆ ಏನು ಎಂದು ನಮ್ಮ ಕಡೆಯವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರುತ್ತಾರಲ್ಲ, ಅದಕ್ಕೆ ಹತ್ತಿರದ್ದು. ಆದರೆ ಇಲ್ಲಿ ಇಂಜಿನಿಯರಿಂಗ್ ಡಿಗ್ರಿಯ ಮೊದಲ ಎರಡು ವರ್ಷದ ಪಾಠಗಳನ್ನೇ ಕಮ್ಯೂನಿಟಿ ಕಾಲೇಜಿನಲ್ಲಿ ಓದಬಹುದು. ಕ್ಯಾಲ್ಕುಲಸ್, ಫಿಸಿಕ್ಸ್, ಕೆಮಿಸ್ಟ್ರಿ, ಸ್ಟ್ಯಾಟಿಕ್ಸ್ (ಅಲುಗಾಡದೆ ನಿಂತ ವಸ್ತುಗಳ ಮೇಲಿನ ಬಲಗಳ ಪಾಠ) ಎಲ್ಲ ಮುಗಿಸಿ ಮೂರನೇ ವರ್ಷಕ್ಕೆ ಯೂನಿವರ್ಸಿಟಿಗೆ ಹೋಗಬಹುದು. ಇದಕ್ಕೆ ಟ್ರಾನ್ಸ್‌ಫರ್ ಎನ್ನುತ್ತಾರೆ. ಕ್ಯಾಲಿಫೋರ್ನಿಯಾ ರಾಜ್ಯ 1960ರಲ್ಲಿ ಉನ್ನತ ಶಿಕ್ಷಣಕ್ಕೆ ಒಂದು ಮಾಸ್ಟರ್ ಪ್ಲ್ಯಾನ್ ಮಾಡಿತು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಯೂನಿವರ್ಸಿಟಿಗಳು, ಇನ್ನು ಕಲಿಯಬೇಕು ಎಂದು ಬಂದ ಯಾರಿಗೇ ಆಗಲಿ ಕಮ್ಯೂನಿಟಿ ಕಾಲೇಜು. ಕೆಳಗಿನಿಂದ ಮೇಲಕ್ಕೆ ಹತ್ತಲು ಟ್ರಾನ್ಸ್‌ಫರ್ ಎಂಬ ಮೆಟ್ಟಿಲನ್ನೂ ಆಗಲೇ ಕಟ್ಟಿದರು. ಇದನ್ನು ಓದಿದ ದಿನ ನನಗೆ ನಿಜಕ್ಕೂ ಕಣ್ಣು ತುಂಬಿತ್ತು. ಒಂದು ಪರೀಕ್ಷೆ ಕೆಟ್ಟರೆ ಎಲ್ಲ ಮುಗಿಯಿತು ಎಂದು ನಂಬಿ ಬೆಳೆದವಳು ನಾನು.

ಮೊದಲ ವರ್ಷ ಕಾಲೇಜಿಗೆ ಸೇರಲಿಲ್ಲ. ಸೇರುವ ಮುಂಚೆ ಒಂದು ವರ್ಷದ ಮೇಲೆ ಒಂದು ದಿನ ಕ್ಯಾಲಿಫೋರ್ನಿಯಾದಲ್ಲಿ ವಾಸವಿದ್ದವರಿಗೆ ಮಾತ್ರ ಸ್ಥಳೀಯರ ಫೀಸು. ಇಲ್ಲದಿದ್ದರೆ ಅದರ ಎಷ್ಟೋ ಪಟ್ಟು. ಅಲ್ಲಿವರೆಗೆ ಒಂದು ದಿನಸಿ ಅಂಗಡಿಯಲ್ಲಿ ಬೇಳೆ, ಅಕ್ಕಿ ಜೋಡಿಸುವ ಕೆಲಸ ಮಾಡಿದೆ. 2012ರ ಸೆಪ್ಟೆಂಬರಿನಲ್ಲಿ ಸೇರಿದಾಗ ಕೋರ್ಸಿನ ಒಂದು ಯೂನಿಟ್ಟಿಗೆ (ಕ್ರೆಡಿಟ್ಟಿಗೆ) 31 ಡಾಲರ್ ಫೀಸು ಇತ್ತು. ನಮ್ಮ ಮನೆಯ ಆದಾಯ ಕಡಿಮೆ ಇದ್ದದ್ದರಿಂದ ಅದೂ ಮಾಫಿಯಾಯಿತು. ಪುಸ್ತಕದ ಬೆಲೆಯೇ ಜಾಸ್ತಿ. ಲೈಬ್ರರಿಯಲ್ಲಿ ಎರಡು ಗಂಟೆಯ ಮಟ್ಟಿಗೆ ಕೊಡುತ್ತಿದ್ದ ಕ್ಯಾಲ್ಕುಲಸ್ ಪುಸ್ತಕ ಇಟ್ಟುಕೊಂಡು ಲೆಕ್ಕಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ.

ಆ ವರ್ಷ ರಾಜ್ಯ ಸರ್ಕಾರದ ಹಣ ಕಡಿತವಾಗಿ ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲೆಲ್ಲ ತರಗತಿಗಳು ಕಡಿಮೆಯಾಗಿದ್ದವು. ಸೀಟಿಗೆ ಕಾಯುವವರ ಪಟ್ಟಿ ಎಲ್ಲೆಲ್ಲೂ ಇತ್ತು. ಗಣಿತದ ಮೊದಲ ಕ್ಲಾಸಿನಲ್ಲಿ ನೆಲದ ಮೇಲೆ ಕೂತಿದ್ದೆ. ನನ್ನ ಹಾಗೆ ಇನ್ನೂ ಐದಾರು ಜನ. ಯಾರಾದರೂ ಬಿಟ್ಟುಹೋದರೆ ನಮಗೆ ಜಾಗ. ಎರಡನೇ ವಾರ ನನ್ನ ಹೆಸರು ಬಂತು. ನವೆಂಬರಿನಲ್ಲಿ ರಾಜ್ಯದ ಜನ ಪ್ರೊಪೊಸಿಷನ್ 30 ಎಂಬ ಪ್ರಸ್ತಾವಕ್ಕೆ ಓಟು ಹಾಕಿ, ಶಾಲೆ ಕಾಲೇಜುಗಳಿಗಾಗಿ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡರು. ಗೊತ್ತುಪರಿಚಯವಿಲ್ಲದ ಜನ ನನ್ನಂಥವರ ಓದಿಗೆ ದುಡ್ಡು ಕೊಡಲು ಒಪ್ಪಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಪರೀಕ್ಷೆ ಮಾಡಿ ನನ್ನನ್ನು ಕ್ಯಾಲ್ಕುಲಸ್‌ಗೂ ಹಿಂದಿನ ಪ್ರಿಕ್ಯಾಲ್ಕುಲಸ್‌ಗೆ ಹಾಕಿದ್ದರು. ಪಿಯುಸಿಯಲ್ಲಿ ಇಂಟಿಗ್ರೇಷನ್ ಮಾಡಿದವಳಿಗೆ ಮತ್ತೆ ಸೈನ್ ಥೀಟಾ! ಮೊದಲ ದಿನ ಬೇಜಾರಾಯಿತು. ವಾರ ಕಳೆಯುವುದರೊಳಗೆ ಗೊತ್ತಾಯಿತು, ನನಗೆ ಬೇಕಾಗಿದ್ದು ಅದೇ. ಬಾಯಿಪಾಠ ಮಾಡಿದ್ದನ್ನೆಲ್ಲ ಬಿಚ್ಚಿ ಮತ್ತೆ ಹೆಣೆಯಲು ಸಮಯ ಸಿಕ್ಕಿತು. ಕ್ಲಾಸಿನಲ್ಲಿ ನಲವತ್ತು ಜನ. ಪ್ರೊಫೆಸರ್ ಪ್ರತಿಯೊಬ್ಬರ ಹೆಸರು ಹಿಡಿದು ಕರೆಯುತ್ತಿದ್ದರು. ನನ್ನ ಬಲಗಡೆ ಸೈನ್ಯದಿಂದ ವಾಪಸಾದ ನಲವತ್ತು ದಾಟಿದ ಒಬ್ಬರು. ಎಡಗಡೆ ವಿಯೆಟ್ನಾಂನಿಂದ ಬಂದ, ಇಬ್ಬರು ಮಕ್ಕಳ ತಾಯಿ. ಸಂಜೆ ಮೂವರೂ ಸೈನ್ಸ್ ಕಟ್ಟಡಗಳ ನಡುವಿನ ಮೇಜಿನ ಮೇಲೆ ಹೋಮ್‌ವರ್ಕ್ ಮಾಡುತ್ತಿದ್ದೆವು. ಆಕೆ ಡಬ್ಬಿಯಲ್ಲಿ ತಂದ ಹಣ್ಣನ್ನು ಮೂರು ಪಾಲು ಮಾಡಿ, ನಮಗೆ ಕೊಟ್ಟ ಮೇಲೇ ತಾನು ತಿನ್ನುತ್ತಿದ್ದಳು.

ಈಗ ನಮ್ಮ ಶಾಲೆಯ ಗಣಿತದ ಮೇಷ್ಟ್ರ ವಿಷಯಕ್ಕೆ ಬರಬೇಕು. "ಚಿತ್ರ ಬರೀದೆ ಲೆಕ್ಕಕ್ಕೆ ಕೈ ಹಾಕ್ಬೇಡ್ರೋ" ಎಂದು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಗೋಡೆಗೆ ಒರಗಿಸಿದ ಏಣಿಯ ಲೆಕ್ಕ ನೆನಪಿದೆಯಾ? ಏಣಿಯ ಉದ್ದ, ನೆಲದ ಜೊತೆಗಿನ ಕೋನ ಕೊಟ್ಟು ಎತ್ತರ ಕೇಳುತ್ತಿದ್ದರು. ಡಿ ಆಂಜಾದಲ್ಲಿ ಸ್ಟ್ಯಾಟಿಕ್ಸ್ ಪಾಠದಲ್ಲಿ ಅದೇ ಏಣಿ ಮತ್ತೆ ಬಂತು. ಈ ಸಲ ಪ್ರಶ್ನೆ ಬೇರೆ. ಮನುಷ್ಯ ಎಷ್ಟು ಮೇಲೆ ಹತ್ತುವವರೆಗೆ ಏಣಿ ಜಾರುವುದಿಲ್ಲ? ಏಣಿಯೊಂದನ್ನೇ ಬೇರೆ ಮಾಡಿ ಬರೆದು, ಅದರ ಮೇಲೆ ಬೀಳುವ ಬಲಗಳನ್ನೆಲ್ಲ ಬಾಣ ಹಾಕಿ ತೋರಿಸಬೇಕು. ಅದಕ್ಕೆ ಫ್ರೀ ಬಾಡಿ ಡಯಾಗ್ರಾಂ ಎನ್ನುತ್ತಾರೆ. ಏಣಿಯ ತೂಕ, ಮನುಷ್ಯನ ತೂಕ, ಗೋಡೆ ತಳ್ಳುವುದು, ನೆಲ ಎತ್ತುವುದು, ಕೆಳಗೆ ಘರ್ಷಣೆ. ನಾನು ಕೇಳುವ ಮುಂಚೆಯೇ ಚಿತ್ರ ಬರೆದಿದ್ದೆ. ಮನುಷ್ಯ ಮೇಲೆ ಹೋದಷ್ಟೂ ಬುಡ ಜಾರುವುದು ಹೆಚ್ಚು ಎಂಬುದು ನಮ್ಮ ಅಟ್ಟಕ್ಕೆ ಏಣಿ ಹಾಕಿ ಹತ್ತಿದವರಿಗೆಲ್ಲ ಗೊತ್ತು. ಅದು ಯಾಕೆ ಎಂದು ಸಮೀಕರಣದಲ್ಲಿ ನೋಡಿದ ಆ ಮಧ್ಯಾಹ್ನ ನಾನು ಇಂಜಿನಿಯರ್ ಆಗಬಲ್ಲೆ ಎಂದು ಮೊದಲ ಸಲ ಅನ್ನಿಸಿತು. ಮೇಷ್ಟ್ರೇ, ಇದನ್ನು ಓದುತ್ತಿದ್ದರೆ, ನೀವು ಹಾಕಿಕೊಟ್ಟ ಅಭ್ಯಾಸ ಇಷ್ಟು ದೂರ ಬಂದಿದೆ.

ಟ್ರಾನ್ಸ್‌ಫರ್ ಎಂದರೆ ಸುಮ್ನೆ ಅರ್ಜಿ ಹಾಕಿದರೆ ಆಗುವ ಕೆಲಸವಲ್ಲ. ಅಸಿಸ್ಟ್ ಎಂಬ ರಾಜ್ಯದ ವೆಬ್‌ಸೈಟಿನಲ್ಲಿ ಇಲ್ಲಿನ ಯಾವ ಕೋರ್ಸು ಅಲ್ಲಿನ ಯಾವ ಕೋರ್ಸಿಗೆ ಸಮ ಎಂದು ಪಟ್ಟಿ ಇರುತ್ತದೆ. ಅದನ್ನು ಮುದ್ರಿಸಿ ಅಡುಗೆಮನೆ ಗೋಡೆಗೆ ಅಂಟಿಸಿದ್ದೆ. ಸ್ಟ್ಯಾಟಿಕ್ಸ್‌ಗೆ ಇಲ್ಲಿಯ ನಂಬರ್ 35, ನಾನು ಹೋಗಬೇಕೆಂದಿದ್ದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಡೇವಿಸ್ ಕ್ಯಾಂಪಸ್ಸಿನಲ್ಲೂ 35. ಒಂದೊಂದು ಕೋರ್ಸು ಮುಗಿದಾಗ ಅಮ್ಮ ಅದರ ಮುಂದೆ ಅರಿಸಿನದ ಬೊಟ್ಟು ಇಡುತ್ತಿದ್ದರು. ಒಂದು ಗಣಿತ ಮುಗಿಯದೆ ಮುಂದಿನದು ಸಿಗುವುದಿಲ್ಲ, ಗಣಿತವಿಲ್ಲದೆ ಫಿಸಿಕ್ಸ್ ಇಲ್ಲ. ಹೀಗಾಗಿ ಎರಡು ವರ್ಷದ್ದು ನನಗೆ ಮೂರು ವರ್ಷವಾಯಿತು. ಇಂಜಿನಿಯರಿಂಗ್‌ನವರಿಗೆ ಇದು ಮಾಮೂಲು. ತಡವಾಯಿತು ಎಂದು ಯಾರೂ ಅನ್ನಲಿಲ್ಲ.

ಕೆಲವು ಯುಸಿ ಕ್ಯಾಂಪಸ್ಸುಗಳು ಟ್ಯಾಗ್ ಎಂಬ ಒಪ್ಪಂದ ಮಾಡಿಕೊಳ್ಳುತ್ತವೆ. ಇಂತಿಷ್ಟು ಕೋರ್ಸು, ಇಂತಿಷ್ಟು ಗ್ರೇಡು ತಂದರೆ ಸೀಟು ಖಾತ್ರಿ. ಒಂದೇ ಕ್ಯಾಂಪಸ್ಸಿಗೆ ಹಾಕಬಹುದು. ಅದನ್ನು ತುಂಬಬೇಕಾದದ್ದು ಸೆಪ್ಟೆಂಬರಿನಲ್ಲಿ. 2014ರ ಆ ತಿಂಗಳೇ ನಮ್ಮ ಕಾಲೇಜಿನ ಫ್ಲಿಂಟ್ ಸೆಂಟರಿನಲ್ಲಿ ಆಪಲ್‌ನವರು ತಮ್ಮ ಹೊಸ ವಾಚು ತೋರಿಸಿದರು. 1984ರಲ್ಲಿ ಸ್ಟೀವ್ ಜಾಬ್ಸ್ ಮ್ಯಾಕಿಂಟಾಷ್ ತೋರಿಸಿದ್ದೂ ಅದೇ ಸಭಾಂಗಣದಲ್ಲಿ. ಊರೆಲ್ಲ ಅದನ್ನೇ ಮಾತಾಡುತ್ತಿದ್ದಾಗ ನಾನು ಫಾರಂನ ಒಂದೊಂದು ಸಾಲನ್ನೂ ಮೂರು ಸಲ ಓದುತ್ತಿದ್ದೆ. ಡೇವಿಸ್, ಮೆಕ್ಯಾನಿಕಲ್ ಎಂದು ಬರೆದೆ.

2015ರಲ್ಲಿ ಡೇವಿಸ್‌ಗೆ ಹೋದೆ. ಸೈಕಲ್ಲುಗಳ ಊರು, ಗುಡ್ಡವೇ ಇಲ್ಲದ ಬಯಲು. ಕ್ರೆಡಿಟ್‌ಗಳು ನನ್ನ ಜೊತೆ ಬಂದವು, ಗ್ರೇಡುಗಳು ಬರಲಿಲ್ಲ. ಅಲ್ಲಿ ಎಲ್ಲರ ಲೆಕ್ಕವೂ ಹೊಸದಾಗಿ ಶುರು. ಡಿ ಆಂಜಾದಲ್ಲಿ ಒಂದು ಕ್ವಾರ್ಟರ್ (ನಮ್ಮ ಸೆಮಿಸ್ಟರಿನಂಥ ಅವಧಿ) ಹನ್ನೆರಡು ವಾರ, ಇಲ್ಲಿ ಪಾಠಕ್ಕೆ ಹತ್ತೇ ವಾರ. ನಾಲ್ಕನೇ ವಾರ ಬರುವಷ್ಟರಲ್ಲಿ ಪರೀಕ್ಷೆ. ಚಲಿಸುವ ವಸ್ತುಗಳ ಪಾಠವಾದ ಡೈನಾಮಿಕ್ಸ್‌ನಲ್ಲಿ ನೂರಕ್ಕೆ ನಲವತ್ತೇಳು ಬಂತು. ಹಾಸ್ಟೆಲ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಪಿಯುಸಿಯ ದಿನಗಳು ಮತ್ತೆ ಬಂದವು ಎಂದು ಹೆದರಿದೆ. ಆದರೆ ಈ ಸಲ ಏನು ಮಾಡಬೇಕು ಎಂದು ಗೊತ್ತಿತ್ತು. ಪ್ರೊಫೆಸರ್ ಬಾಗಿಲು ತಟ್ಟಿದೆ. ನನ್ನ ಹಾಗೆ ಬೇರೆ ಬೇರೆ ಕಮ್ಯೂನಿಟಿ ಕಾಲೇಜುಗಳಿಂದ ಬಂದ ನಾಲ್ವರನ್ನು ಹುಡುಕಿಕೊಂಡೆ. ಶೀಲ್ಡ್ಸ್ ಲೈಬ್ರರಿಯಲ್ಲಿ ರಾತ್ರಿ ಕೂತು, ಒಬ್ಬರಿಗೊಬ್ಬರು ಬೋರ್ಡಿನ ಮೇಲೆ ವಿವರಿಸುತ್ತಾ ಓದಿದೆವು. ಸಂಜೆ ಮೇಜಿನ ಸುತ್ತ ಕೂತು ಕಲಿತವರಿಗೆ ಅದು ಹೊಸದಾಗಿರಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ಎಂಬತ್ತು ದಾಟಿದೆ. ಆಮೇಲಿನ ಒಂದೂವರೆ ವರ್ಷ ಕಷ್ಟವಿತ್ತು, ಭಯವಿರಲಿಲ್ಲ.

2017ರ ಜೂನ್. ಡೇವಿಸ್‌ನಲ್ಲಿ ಬಿಸಿಲೋ ಬಿಸಿಲು. ಅಮ್ಮ ತಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಅಪ್ಪ ಹೋಟೆಲಿಗೆ ರಜೆ ಹಾಕಿದ್ದರು. ಸಮಾರಂಭ ಮುಗಿಸಿ ಮನೆಗೆ ವಾಪಸು ಹೊರಟಾಗ ದಾರಿಯುದ್ದಕ್ಕೂ ಅಪ್ಪ ಜಾಸ್ತಿ ಮಾತಾಡಲಿಲ್ಲ. ಸನ್ನಿವೇಲ್ ಹತ್ತಿರ ಬಂದಾಗ, "ಆ ಹಳೇ ಕಾಲೇಜಿನ ಕಡೆ ತಿರುಗಿಸು" ಎಂದರು. ನಾನು ಓದಿದ ಮೂರು ವರ್ಷದಲ್ಲಿ ಅವರು ಒಂದು ದಿನವೂ ಅದರ ಒಳಗೆ ಬಂದಿರಲಿಲ್ಲ.

ಸಂಜೆಯಾಗಿತ್ತು, ಯಾರೂ ಇರಲಿಲ್ಲ. ಸಂಕನ್ ಗಾರ್ಡನ್ ಎಂಬ ತಗ್ಗಿನ ತೋಟದ ಮೆಟ್ಟಿಲ ಮೇಲೆ ಮೂವರೂ ಕೂತೆವು. ನಾನು ನೆಲದ ಮೇಲೆ ಕೂತಿದ್ದ ಕ್ಲಾಸು ಯಾವುದು ಎಂದು ಅಪ್ಪ ಕೇಳಿದರು. ಅಲ್ಲಿಂದ ಆ ಕಟ್ಟಡ ಕಾಣುತ್ತಿರಲಿಲ್ಲ. ಎದ್ದು ಕರೆದುಕೊಂಡು ಹೋಗಿ ತೋರಿಸಿದೆ. ಬಾಗಿಲು ಹಾಕಿತ್ತು. ಅಪ್ಪ ಕಿಟಕಿಯ ಗಾಜಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಒಳಗೆ ನೋಡುತ್ತಾ ನಿಂತರು.