ಐದು ಔನ್ಸಿನ ಕಾರು

ಅಮೆರಿಕದ ಸ್ಕೌಟ್ ಸಂಸ್ಥೆಯಲ್ಲಿ ಚಿಕ್ಕ ಮಕ್ಕಳಿಗಿರುವ ವಿಭಾಗವಾದ ಕಬ್ ಸ್ಕೌಟ್ಸ್ 2018ರಲ್ಲಿ ಹುಡುಗಿಯರಿಗೂ ಬಾಗಿಲು ತೆರೆದ ಕೆಲಕಾಲದ ನಂತರ ನಮ್ಮ ಮಗಳೂ ಅದಕ್ಕೆ ಸೇರಿದಳು. ಆ ಚಳಿಗಾಲ ಅವಳ ಕೈಗೊಂದು ಪುಟ್ಟ ಪೆಟ್ಟಿಗೆ ಬಂತು. ಅದರಲ್ಲಿ ಏಳು ಇಂಚು ಉದ್ದದ ಪೈನ್ ಮರದ ತುಂಡು, ನಾಲ್ಕು ಪ್ಲಾಸ್ಟಿಕ್ ಚಕ್ರ ಮತ್ತು ಅಚ್ಚುಗಳಾಗಬೇಕಾದ ನಾಲ್ಕು ಮೊಳೆಗಳಿದ್ದವು. ಇವುಗಳಿಂದ ಕಾರು ಮಾಡಿ, ಎಂಜಿನ್ ಇಲ್ಲದೆ ಇಳಿಜಾರಿನಲ್ಲಿ ಓಡಿಸುವುದೇ ಪೈನ್‌ವುಡ್ ಡರ್ಬಿ. ಮಕ್ಕಳೇ ಕುಳಿತು ಓಡಿಸುವ ಸೋಪ್ ಬಾಕ್ಸ್ ಡರ್ಬಿಗೆ ತಮ್ಮ ಮಗನ ವಯಸ್ಸು ಸಾಲದಿದ್ದುದರಿಂದ, ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚಿನ ಡಾನ್ ಮರ್ಫಿ ಎಂಬವರು 1953ರಲ್ಲಿ ಅಪ್ಪ-ಮಗ ಕೂಡಿ ಮಾಡಬಹುದಾದ ಈ ಆಟವನ್ನು ಶುರುಮಾಡಿದರು.

ಕೂಡಿ ಮಾಡುವುದು ಹೇಳಿದಷ್ಟು ಸುಲಭವಲ್ಲ. ಸ್ಪರ್ಧೆಯ ದಿನ ಕೆಲವು ಕಾರುಗಳ ನುಣುಪನ್ನು ನೋಡಿದರೇ ಅವು ಯಾರ ಕೈಕೆಲಸವೆಂದು ತಿಳಿಯುತ್ತದೆ. ನಮ್ಮಲ್ಲಿ ಹಾಗಾಗದಂತೆ ತಡೆದವರು ಮೈಸೂರಿನಿಂದ ಬಂದಿದ್ದ, ಹಿಂದೆ ಐಟಿಐಯಲ್ಲಿ ಫಿಟ್ಟರ್ ವಿಭಾಗಕ್ಕೆ ಕಲಿಸುತ್ತಿದ್ದ ನನ್ನ ಅಪ್ಪ. "ಅವಳೇ ಉಜ್ಜಲಿ ಬಿಡೋ, ನೀನು ಬರೀ ಹಿಡ್ಕೊ" ಎಂದು ಅವರು ನನಗೆ ಹೇಳಿದ್ದರಿಂದ, ಗರಗಸ ಮತ್ತು ಡ್ರಿಲ್ ಮಾತ್ರ ನನ್ನ ಪಾಲಿಗೆ ಬಂದವು. ಮೊಳೆಯ ತಲೆಯ ಕೆಳಗೆ, ಅದನ್ನು ತಯಾರಿಸುವಾಗ ಉಳಿದ ಸಣ್ಣ ಏಣುಗಳಿರುತ್ತವೆ. ಅವು ಚಕ್ರಕ್ಕೆ ತಗುಲಿ ವೇಗವನ್ನು ತಿನ್ನುತ್ತವೆ. ಅರದಿಂದ ಅವನ್ನು ತೆಗೆದು, ಒರಟು ಸ್ಯಾಂಡ್ ಪೇಪರಿನಿಂದ ನಯವಾದದ್ದಕ್ಕೆ ಹಂತಹಂತವಾಗಿ ಹೋಗಬೇಕು. ಒಂದೊಂದು ಹಂತವಾದಾಗಲೂ ಚಕ್ರವನ್ನು ಬೆರಳಿನಿಂದ ತಿರುಗಿಸಿ ಅದು ನಿಲ್ಲುವವರೆಗೆ ಎಣಿಸುತ್ತಿದ್ದ ಮಗಳು, ಎಣಿಕೆ ಹೆಚ್ಚದಿದ್ದರೆ ತಾನಾಗಿಯೇ ಮತ್ತೆ ಅರಕ್ಕೆ ಕೈಹಾಕುತ್ತಿದ್ದಳು. ಕೊನೆಗೆ ಸವರಿದ ಗ್ರಾಫೈಟ್ ಪುಡಿ ಮೂಗಿನವರೆಗೂ ಹತ್ತಿತ್ತು.

"ಭಾರ ಜಾಸ್ತಿಯಾದ್ರೆ ನಿಧಾನ ಆಗಲ್ವಾ ತಾತ?" ಎಂದು ಅವಳು ಕೇಳಿದಾಗ ಅಪ್ಪ ಉತ್ತರ ಕೊಡದೆ, ಹಲಗೆಯೊಂದನ್ನು ಓರೆಯಾಗಿಟ್ಟು ಅದೇ ಕಾರನ್ನು ನಾಣ್ಯ ಅಂಟಿಸಿ ಒಮ್ಮೆ, ಅಂಟಿಸದೆ ಒಮ್ಮೆ ಬಿಡಿಸಿದರು. ಗಾಳಿಯ ತಡೆ ಹಗುರವಾದದ್ದನ್ನೇ ಹೆಚ್ಚು ಕಾಡುತ್ತದೆಂಬ ಮಾತು ಆಮೇಲೆ ಬಂತು. ತೂಕವನ್ನು ಹಿಂಭಾಗಕ್ಕೆ ಸರಿಸಿದರೆ ಅದು ಇಳಿಜಾರಿನಲ್ಲಿ ಹೆಚ್ಚು ಎತ್ತರದಿಂದ ಇಳಿಯುವುದರಿಂದ ಲಾಭವುಂಟು. ಅತಿಯಾದರೆ ಮುಂದಿನ ಚಕ್ರಗಳು ನೆಲ ಬಿಟ್ಟು ಕುಣಿಯುತ್ತವೆ ಎಂಬುದನ್ನು ಅವಳೇ ಕಂಡುಕೊಂಡಳು.

ಸ್ಪರ್ಧೆಯ ದಿನ ನನಗೆ ಓಟಕ್ಕಿಂತ ತಕ್ಕಡಿಯ ಮೇಜೇ ಹೆಚ್ಚು ಹಿಡಿಸಿತು. ಮಿತಿ ಐದು ಔನ್ಸ್, ಅಂದರೆ ಸುಮಾರು 142 ಗ್ರಾಂ. ಕಾರು ಚೂರು ಹೆಚ್ಚು ತೂಗಿದ್ದರಿಂದ ಅವಳು ತಳದ ಮರವನ್ನು ಕೆರೆದು, ತೂಗಿ, ಮತ್ತೆ ಕೆರೆದಳು.

ಪ್ರತಿ ಕಾರೂ ಎಲ್ಲ ಲೇನುಗಳಲ್ಲಿ ಸರದಿಯಂತೆ ಓಡಬೇಕಿತ್ತು. ನಮ್ಮದು ನಡುವಿನ ಸ್ಥಾನದಲ್ಲಿತ್ತು. ಆದರೆ ಎರಡನೆಯ ಲೇನಿನಲ್ಲಿ ಮಾತ್ರ ಅದು ಹಿಂದೆಬಿದ್ದುದನ್ನು ಕಂಡ ಮಗಳು ಬೇಸರಿಸಿಕೊಳ್ಳದೆ ಪರದೆಯ ಮೇಲಿನ ಉಳಿದ ಕಾರುಗಳ ಸಮಯವನ್ನೂ ಬರೆದುಕೊಂಡಳು. ಹೆಚ್ಚಿನವು ಅಲ್ಲಿಯೇ ನಿಧಾನವಾಗಿದ್ದವು. ಅವಳು ಚೀಟಿ ಹಿಡಿದು ಹೋಗಿ ಹೇಳಿದ ಮೇಲೆ ಸಂಘಟಕರು ಆ ಲೇನಿನ ಜೋಡಣೆಯನ್ನು ಬೆರಳಿನಿಂದ ಸವರಿ ನೋಡಿ, ಸ್ಕ್ರೂಡ್ರೈವರ್ ತರಿಸಿದರು.