ಅಬ್‌ಸ್ಟ್ರಾಕ್ಟ್ ಎಲ್ಲಿ ಎಡವುತ್ತದೆ?

1883ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಭಾಷೆ-ಸಾಹಿತ್ಯ ವಿದ್ವಾಂಸರ ದೊಡ್ಡ ಸಂಘವಾದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ ಇರಲಿ, ಪುಟ್ಟ ಸಾಹಿತ್ಯ ಅಧ್ಯಯನ ಸಂಘವೇ ಇರಲಿ, ಸಮ್ಮೇಳನದ ಬಾಗಿಲು ಮಂಡಿಸಲಿರುವ ಪ್ರಬಂಧದ ಸಾರಾಂಶ, ಅಂದರೆ ಅಬ್‌ಸ್ಟ್ರಾಕ್ಟ್. ಇರುವ 250–300 ಪದಗಳಲ್ಲಿ ಅರ್ಧವನ್ನು ಲೇಖಕರ ಪರಿಚಯಕ್ಕೇ ಸುರಿದುಬಿಟ್ಟರೆ ವಾದಕ್ಕೆ ಜಾಗ ಎಲ್ಲಿ? ವಾದ ಎರಡನೇ ವಾಕ್ಯದಲ್ಲೇ ಬರಲಿ. ‘ಈ ಕಾದಂಬರಿಯಲ್ಲಿ ಸ್ತ್ರೀಪ್ರಜ್ಞೆ’ ಎನ್ನುವುದು ವಿಷಯವಷ್ಟೇ. ‘ನಿರೂಪಕಿ ಸುಮ್ಮನಾದಲ್ಲೆಲ್ಲ ಕಥೆ ಪತ್ರಗಳಿಗೆ ಜಾರುತ್ತದೆ’ ಎಂದರೆ ಅದು ವಾದ.

ಹೆಸರು ಮರೆಮಾಡಿ ಪರಿಶೀಲಿಸುವ ಕಡೆ ಫೈಲಿನ ಪ್ರಾಪರ್ಟೀಸ್‌ನಲ್ಲಿ ಉಳಿದ ಹೆಸರನ್ನೂ ಅಳಿಸಿ. ಇದು ನೆನಪಿರುವವರೇ ಕಡಿಮೆ!

ಸದಸ್ಯತ್ವ ಬೇರೆ, ಸಮ್ಮೇಳನದ ನೋಂದಣಿ ಬೇರೆ. ಒಂದರ ಶುಲ್ಕವನ್ನಷ್ಟೇ ಕಟ್ಟಿ ಕೂತರೆ ಆಯ್ಕೆಯಾದ ಪ್ರಬಂಧವೂ ಪಟ್ಟಿಯಿಂದ ಬಿದ್ದುಹೋಗಬಹುದು.

ಮಂಡನೆಗೆ 20 ನಿಮಿಷದ ಅವಧಿಯಾದರೆ ಪ್ರಬಂಧವನ್ನು ಮೊದಲೇ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ, 17ಕ್ಕೆ ಮುಗಿಯಬೇಕು. ಮೀರಿದರೆ ಮೊದಲು ಕತ್ತರಿ ಹಾಕಬೇಕಾದ್ದು ಉದ್ದನೆಯ ಉದ್ಧರಣೆಗಳಿಗೆ.